ಮೊದಲ ಆರು ದಿನದ ರೊಟ್ಟಿ

ಅಕ್ಕಲಕೋಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಮಾಡಿನ ಕೆಳಗೆ ಆರು ಒಲೆಗಳು ಉರಿಯುತ್ತಿವೆ. ಮೂರನೆಯ ಒಲೆಯ ಮುಂದೆ ಕುಳಿತ ಸುಗಲಾಬಾಯಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಾರೆ. ರೊಟ್ಟಿ ಹಂಚಿಗೆ ಬೀಳುತ್ತದೆ, ಒದ್ದೆ ಬಟ್ಟೆ ಅದರ ಮೇಲೆ ಒಮ್ಮೆ ಓಡಾಡುತ್ತದೆ, ಅಷ್ಟರಲ್ಲಿ ಮುಂದಿನದು ಕೈಯಲ್ಲಿ ಅರ್ಧ ಅಗಲವಾಗಿರುತ್ತದೆ. ಬೆಂದದ್ದನ್ನು ಒಲೆಯ ಅಂಚಿಗೆ ಒರಗಿಸಿ ಖಡಕ್ ಮಾಡುತ್ತಾರೆ. ಪಕ್ಕದಲ್ಲೇ ಒಂದು ಬಟ್ಟೆಯ ಚೀಲವಿದೆ. ಅವರು ಅದನ್ನು ಬೆಂಕಿಯಿಂದ ದೂರ ಸರಿಸಿದಾಗ ಒಳಗೆ ಏನೋ ಕಿಣಿಕಿಣಿ ಎನ್ನುತ್ತದೆ.

ವಾಗದರಿಯಿಂದ ಹಾಲಿನ ಟೆಂಪೊ ಹತ್ತಿ ಬರುವ ಇವರಿಗೆ ನಲವತ್ತಾರು ವರ್ಷ. ಆರಕ್ಕೆ ಕೂತರೆ ಎರಡಕ್ಕೆ ಏಳುವುದು. ದಿನಕ್ಕೆ ಇನ್ನೂರೈವತ್ತು ರೊಟ್ಟಿ, ರೊಟ್ಟಿಗೆ ಒಂದೂವರೆ ರೂಪಾಯಿ ಕೂಲಿ. “ಇನ್ನೂರೈವತ್ತ ಆಗೂತನಕ ಬೆನ್ನ ಅದ ಅನ್ನೂದ ನೆನಪಾಗಂಗಿಲ್ರಿ. ಎದ್ದ ಮ್ಯಾಲ ಗೊತ್ತಾಕ್ಕದ” ಎನ್ನುತ್ತಾರೆ. ಊರಿಗೆ ಬಂದ ಯಾತ್ರಿಕರು ಈ ರೊಟ್ಟಿಯನ್ನು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ. ಬಡಿದವರು ಯಾರೆಂದು ಯಾರೂ ಕೇಳುವುದಿಲ್ಲ, ಕೇಳುವ ಹೊತ್ತಾದರೂ ಯಾರಿಗಿದೆ?

ಮೂರು ವರ್ಷದ ಹಿಂದೆ ಸುಗಲಾಬಾಯಿ ರೊಟ್ಟಿಯವರಲ್ಲ, ಕುರಿಯವರು. ಗಂಡ ಗೊಲ್ಲಾಳಪ್ಪ, ಹನ್ನೆರಡು ಕುರಿ, ಮರಾಠಿ ಶಾಲೆಯಲ್ಲಿ ಓದಿದ ಒಬ್ಬಳೇ ಮಗಳು ಪ್ರಾಜಕ್ತಾ. ಅವಳಿಗೆ ಸೊಲ್ಲಾಪುರದ ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೂರು ವರ್ಷದ ಕೋರ್ಸಿಗೆ ಬ್ಯಾಂಕು ಮೂರು ಲಕ್ಷ ಶೈಕ್ಷಣಿಕ ಸಾಲ ಮಂಜೂರು ಮಾಡಿತು. ಮೊದಲ ವರ್ಷದ ಒಂದು ಲಕ್ಷದಲ್ಲಿ ಅರವತ್ತು ಸಾವಿರ ನೇರವಾಗಿ ಕಾಲೇಜಿಗೆ ಹೋಯಿತು. ಹಾಸ್ಟೆಲು ಮತ್ತು ಊಟದ ನಲವತ್ತು ಸಾವಿರ ಪ್ರಾಜಕ್ತಾಳ ಖಾತೆಗೆ ಬಂತು. ಹಾಸ್ಟೆಲಿನವರು ದೀಪಾವಳಿಯ ತನಕ ಗಡುವು ಕೊಟ್ಟಿದ್ದರು.

ಎಡವಟ್ಟಾದದ್ದು ಅಲ್ಲೇ. ಕುರಿಗಾರರ ಮನೆಯಲ್ಲಿ ಸುಮ್ಮನೆ ಕೂತ ದುಡ್ಡನ್ನು ನೋಡಿದರೆ ಕೈ ತುರಿಸುತ್ತದೆ. “‘ರೊಕ್ಕ ಬ್ಯಾಂಕಿನ್ಯಾಗ ಸುಮ್ನ ಕುಂತದ, ಕುರಿ ಆದ್ರ ಮರಿ ಹಾಕ್ತಾವ’ ಅಂದ್ರು ನಮ್ಮವರು. ನನಗೂ ಖರೇನ ಅನಿಸ್ತು. ಬರೇ ಅವರದ ತಪ್ಪಂತ ಹ್ಯಾಂಗ ಹೇಳಲಿ?” ಮಗಳ ಖಾತೆಯಿಂದ ತೆಗೆಸಿದ ನಲವತ್ತು ಸಾವಿರಕ್ಕೆ ಐದು ಗಬ್ಬದ ಕುರಿ ಬಂದವು. ದೀಪಾವಳಿಗೆ ಮರಿ ಸಮೇತ ಮಾರಿದರೆ ಹಾಸ್ಟೆಲಿನ ಹಣವೂ ತೀರುತ್ತದೆ, ಒಂದೆರಡು ಕುರಿ ಮನೆಗೂ ಉಳಿಯುತ್ತವೆ ಎಂಬುದು ಲೆಕ್ಕ. ಹೊಸ ಕುರಿ ಹಿಂಡಿಗೆ ಸೇರಿದಾಗ ಒಂದನ್ನು ಬೀರೋಬಾ ದೇವರಿಗೆ ಬಿಡುವುದು ಮನೆತನದ ಪದ್ಧತಿ. ದೇವರಿಗೆ ಬಿಟ್ಟದ್ದನ್ನು ಮಾರುವಂತಿಲ್ಲ. ಐದರಲ್ಲಿ ಚಂದದ್ದೊಂದನ್ನು ಆರಿಸಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಕೊರಳಿಗೆ ಗಂಟೆ ಕಟ್ಟಿದವರು ಸ್ವತಃ ಸುಗಲಾಬಾಯಿ.

ಆ ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂತು. ಬಾಯಿ ಬಾತು, ನಾಲಿಗೆ ನೀಲಿಗಟ್ಟಿ, ಹದಿನೇಳು ಕುರಿಗಳಲ್ಲಿ ಹದಿನಾರು ಹನ್ನೆರಡೇ ದಿನದಲ್ಲಿ ಹೋದವು. ಉಳಿದದ್ದು ದೇವರ ಕುರಿ ಒಂದೇ. ಅದು ಮುಂದೆ ಒಂದು ಮರಿಯನ್ನೂ ಹಾಕಿತು. ಗೊಲ್ಲಾಳಪ್ಪನವರು ಅದರ ಮುಂದೆ ಕೂತು ಅತ್ತರಂತೆ, ಬೀರೋಬಾ ತನ್ನದನ್ನು ಕಾದುಕೊಂಡ ಅಂತ.

ಅತ್ತ ಸೊಲ್ಲಾಪುರದಲ್ಲಿ ದೀಪಾವಳಿ ದಾಟಿದ ಮೇಲೆ ಪ್ರಾಜಕ್ತಾಳಿಗೆ ಹಾಸ್ಟೆಲಿನ ಊಟ ನಿಂತುಹೋಯಿತು. ಅವಳು ಮನೆಗೆ ಹೇಳಲಿಲ್ಲ. “ಹೇಳಿದ್ರ ಕಾಲೇಜ್ ಬಿಡಸ್ತಾರಂತ ಅಂಜಿಕಿ ಇತ್ತು. ವಾರ್ಡಿನ್ಯಾಗ ಪೇಶಂಟ್ ಬಿಟ್ಟ ಬ್ರೆಡ್ ತಿಂದು ಎರಡ ತಿಂಗಳ ತಗದೆ” ಎನ್ನುತ್ತಾಳೆ ಅವಳು, ತಲೆ ತಗ್ಗಿಸಿ. ಜನವರಿಯಲ್ಲಿ ಡ್ಯೂಟಿಯ ನಡುವೆ ತಲೆ ಸುತ್ತಿ ಬಿದ್ದಳು. ವಾರ್ಡನ್ ಬಾಯಿ ಫೋನ್ ಮಾಡಿದಾಗಲೇ ತಾಯಿಗೆ ಗೊತ್ತಾದದ್ದು. ಹತ್ತು ಸಾವಿರವಾದರೂ ಕಟ್ಟಿ, ಇಲ್ಲವೇ ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದರಂತೆ ಅವರು.

ಗೊಲ್ಲಾಳಪ್ಪ ಊರಲ್ಲಿರಲಿಲ್ಲ, ಬೋರಾಮಣಿಯಲ್ಲಿ ಬೇರೆಯವರ ಕುರಿ ಕಾಯಲು ಹೋಗಿದ್ದರು. ಮುಂದಿನ ಸಂತೆಯ ದಿನ ಸುಗಲಾಬಾಯಿ ದೇವರ ಕುರಿಯನ್ನು ಮರಿ ಸಮೇತ ಹನ್ನೊಂದು ಸಾವಿರಕ್ಕೆ ಮಾರಿದರು. ಹತ್ತು ಸಾವಿರ ಹಾಸ್ಟೆಲಿಗೆ ಹೋಯಿತು. “ದೇವರಿಗಿ ಸಿಟ್ಟ ಬಂದಿರಬೇಕು. ಬರಲಿ. ನನ್ನ ಮ್ಯಾಲ ಬರಲಿ, ಹುಡುಗಿ ಮ್ಯಾಲ ಬ್ಯಾಡ.” ಗಂಡ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ತಾವೇ ನೀರು ತೆಗೆದುಕೊಂಡು ಕುಡಿಯುತ್ತಾರೆ, ಇಟ್ಟದ್ದನ್ನು ಉಣ್ಣುತ್ತಾರೆ, ಹೆಂಡತಿಯ ಜೊತೆ ಮಾತಿಲ್ಲ. ಎರಡು ವರ್ಷವಾಯಿತು.

ಉಳಿದ ಮೂವತ್ತು ಸಾವಿರಕ್ಕಾಗಿ ಕಾಲಿನ ಬೆಳ್ಳಿ ಹೋಯಿತು, ಕೈ ಹಿಟ್ಟಿಗೆ ಬಂತು. ಹಾಸ್ಟೆಲಿನ ರಸೀದಿ ತೋರಿಸದೆ ಬ್ಯಾಂಕು ಎರಡನೇ ವರ್ಷದ ಹಣ ಬಿಡಲಿಲ್ಲ. ಅದು ಬರುವುದು ತಡವಾಗಿ ಕಾಲೇಜಿಗೆ ದಂಡ ಕಟ್ಟಿದ್ದೂ ಆಯಿತು. ಸಾಲ ಕೊಡುತ್ತೇವೆ ಬನ್ನಿ ಎಂದು ಕರೆಯುವ ಫಲಕ ಎಲ್ಲ ಬ್ಯಾಂಕಿನ ಬಾಗಿಲಲ್ಲೂ ಇದೆ. ಬಂದ ಹಣವನ್ನು ಏನು ಮಾಡಬಾರದು ಎಂದು ಹೇಳುವ ಫಲಕ ಎಲ್ಲಿದೆ?

ಆ ಫಲಕದ ಕೆಲಸವನ್ನು ಈಗ ಸುಗಲಾಬಾಯಿ ಮಾಡುತ್ತಾರೆ. ಪಕ್ಕದ ಒಲೆಯ ಅಕ್ಕನಾಗಮ್ಮನವರ ಮಗನಿಗೆ ಪಾಲಿಟೆಕ್ನಿಕ್ಕಿಗೆಂದು ಸಾಲ ಬಂದಿದೆ. ಅದರಲ್ಲಿ ಹಳೇ ಮೋಟಾರ್ ಸೈಕಲ್ ಒಂದನ್ನು ತೆಗೆದುಕೊಂಡರೆ ಹುಡುಗನಿಗೆ ಬಸ್ಸಿನ ಖರ್ಚು ಉಳಿಯುತ್ತದಂತೆ.

“ಗಾಡಿ ಕೊಂಡ ಪಾವತಿ ಚೀಟಿ ಬ್ಯಾಂಕಿನ್ಯಾಗ ನಡೀತದೇನು?” ಸುಗಲಾಬಾಯಿ ರೊಟ್ಟಿಯಿಂದ ಕಣ್ಣೆತ್ತುವುದಿಲ್ಲ.

“ಗೊತ್ತಿಲ್ಲಕ್ಕ.”

“ಮೊದಲ ಫೀ ಕಟ್ಟು, ಪುಸ್ತಕ ತಗೋ, ಪಾವತಿ ಇಸ್ಕೊ. ಹೆಚ್ಚಿಗಿ ಉಳೀತದ ಅಂದ್ರ ತಗೋಬ್ಯಾಡ, ಅಲ್ಲೇ ಇರಲಿ. ನಾ ಕುರಿ ತಂದು ಹುಡುಗಿನ್ನ ಉಪಾಸ ಕೆಡವೀನಿ.”

ಅಕ್ಕನಾಗಮ್ಮ ಒಲೆಗೆ ಕಟ್ಟಿಗೆ ದೂಡುತ್ತಾರೆ. ವಾಗದರಿಯ ಐದಾರು ಮನೆಯವರು ಹೀಗೆ ಕೇಳಿಹೋಗಿದ್ದಾರಂತೆ. ಸುಗಲಾಬಾಯಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು. ಯಾವ ರಸೀದಿ ಯಾವ ವರ್ಷದ್ದು ಎಂಬುದು ಮಾತ್ರ ಕಾಗದದ ಬಣ್ಣದ ಮೇಲೆ ಬಾಯಿಪಾಠ.

ಎರಡಕ್ಕೆ ಕೆಲಸ ಮುಗಿಯುತ್ತದೆ. ಇವತ್ತು ತಿಂಗಳ ಆರನೇ ತಾರೀಖು. ಮಾಲೀಕ ಅಮೃತಪ್ಪ ಆರು ದಿನದ ಎರಡು ಸಾವಿರದ ಇನ್ನೂರೈವತ್ತು ರೂಪಾಯಿ ಎಣಿಸಿ ಕೊಡುತ್ತಾರೆ. ಪ್ರತಿ ತಿಂಗಳ ಮೊದಲ ಆರು ದಿನದ ರೊಟ್ಟಿ ಬ್ಯಾಂಕಿನದು. ಕೈಗೆ ಅಂಟಿದ ಹಿಟ್ಟು ಒಣಗುವ ಮೊದಲೇ ಅವರು ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಾರೆ.

“ಮಾವಶಿ, ಹುಡುಗಿ ಕೋರ್ಸ್ ಮುಗದು ಒಂದ್ ವರ್ಷ ಆಗೂತನಕ ಕಟ್ಟೂ ಜರೂರ ಇಲ್ರಿ” ಎಂದು ಗುಮಾಸ್ತ ಶೈಲೇಶ ಪ್ರತಿ ತಿಂಗಳಂತೆ ಈ ತಿಂಗಳೂ ಹೇಳುತ್ತಾರೆ.

“ಬಡ್ಡಿ ಬೆಳೆಯೂದು ನಿಂದರ್ತದೇನಪ್ಪಾ?”

“ಅದೇನ ನಿಂದರಂಗಿಲ್ರಿ.”

“ಹಂಗಾರ ತಗೋ.”

ಮಂಜೂರಾದ ಮೂರು ಲಕ್ಷದಲ್ಲಿ ತಾಯಿ ಮಗಳು ಎತ್ತಿದ್ದು ಎರಡು ಲಕ್ಷ ಐವತ್ತೈದು ಸಾವಿರ. ಮಿಕ್ಕ ನಲವತ್ತೈದು ಬೇಡ ಎಂದು ಬರೆದುಕೊಟ್ಟಿದ್ದಾರೆ. ವಾರಕ್ಕೊಮ್ಮೆ ಮನೆಯಿಂದ ಖಡಕ್ ರೊಟ್ಟಿಯ ಗಂಟು ಹಾಸ್ಟೆಲಿಗೆ ಹೋಗುವುದರಿಂದ ಒಂದು ಹೊತ್ತಿನ ಊಟದ ಖರ್ಚು ಉಳಿದಿದೆ. ಪ್ರಾಜಕ್ತಾಳ ಕೊನೆಯ ಪರೀಕ್ಷೆ ಬೇಸಿಗೆಯಲ್ಲಿ. ಪಾಸಾದರೂ ಕೆಲಸ ತಕ್ಷಣ ಸಿಗುತ್ತದೆಂಬ ಖಾತ್ರಿ ಇಲ್ಲ, ಸಿಕ್ಕರೂ ಮೊದಮೊದಲ ಪಗಾರ ಹತ್ತು ಹನ್ನೆರಡು ಸಾವಿರ. ಇದು ತಾಯಿಗೂ ಗೊತ್ತು. ಮಗಳಿಗೆ ಕನ್ನಡ ಓದಲು ಬಾರದು, ತಾಯಿಗೆ ಯಾವುದನ್ನೂ ಓದಲು ಬಾರದು. ಹೀಗಾಗಿ ಈ ಬರಹವನ್ನು ಇಬ್ಬರಿಗೂ ಯಾರಾದರೂ ಓದಿ ಹೇಳಬೇಕು.

ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಸುಗಲಾಬಾಯಿ ಹೊಸ ರಸೀದಿಯನ್ನು ಚೀಲದೊಳಗೆ ಇಡುತ್ತಾರೆ. ಬೆಳಿಗ್ಗೆ ಕೇಳಿದ ಸದ್ದು ಮತ್ತೆ ಕೇಳುತ್ತದೆ. ಹೊರತೆಗೆದು ತೋರಿಸುತ್ತಾರೆ, ಹಿತ್ತಾಳೆಯ ಸಣ್ಣ ಗಂಟೆ. “ಕುರಿ ಮಾರೀನಿ, ಇದನ್ನ ಬಿಚ್ಚಿ ಇಟಗೊಂಡೀನಿ.”

ಮಗಳಿಗೆ ಕೆಲಸ ಸಿಕ್ಕರೆ ಮೊದಲು ಏನು ಮಾಡುತ್ತೀರಿ ಎಂದರೆ ಗಂಟೆಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಾರೆ.

“ಬ್ಯಾಂಕಿನ ಸಾಲ ಮೊದಲ ಮುಗೀಬೇಕ್ರಿ. ಆಮ್ಯಾಲ ಬೀರೋಬಾಗ ಒಂದ ಕುರಿ, ಮರಿ ಸಮೇತ. ತಡಾ ಆಗತದ ಅಂತ ಅವಗ ಹೇಳೀನಿ. ಬಡ್ಡಿ ಹಾಕಬ್ಯಾಡಪ್ಪಾ ಅಂತನೂ ಹೇಳೀನಿ.”