ಗುಬ್ಬಚ್ಚಿ ಎಂಬ ಕಮಾಂಡ್

ನೀರು ಸರಬರಾಜು ಕಚೇರಿಯ ವಾಲ್ವ್‌ಮನ್‌ಗಳೆಲ್ಲ ಅವಳನ್ನು ನೀರಕ್ಕ ಎಂದೇ ಕರೆಯುತ್ತಿದ್ದರು. ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಯಾವ ಬಡಾವಣೆಗೆ ಯಾವಾಗ ಬಿಡಬೇಕು ಎಂಬುದು ಅವರಿಗೆ ಅವಳ ಬಾಯಿಂದಲೇ ತಿಳಿಯಬೇಕಿತ್ತು. ಅವಳ ಮುಖವನ್ನೇ ನೋಡದವರೂ ಫೋನಿನಲ್ಲಿ ದನಿ ಕೇಳಿದ ಕೂಡಲೇ, "ಬಿಡ್ಲಾ ನೀರಕ್ಕಾ?" ಎನ್ನುತ್ತಿದ್ದರು. "ಬಿಡಪ್ಪಾ" ಎಂದಳೆಂದರೆ ಎಲ್ಲೋ ದೂರದಲ್ಲಿ ಒಂದು ಬೀದಿಯ ನಲ್ಲಿಗಳು ಬುಸುಗುಟ್ಟಿಕೊಂಡು ಎದ್ದು ಕೂರುತ್ತಿದ್ದವು.

ಅವಳು ಕೂರುತ್ತಿದ್ದುದು ನೀರು ಸೋಸುವ ತೊಟ್ಟಿಗಳ ಹಿಂದಿನ ಕಟ್ಟಡದ ಮಹಡಿಯ ಕೋಣೆಯಲ್ಲಿ. ಕೆಳಗೆ ಪಂಪುಗಳು ಓಡುತ್ತಿದ್ದುದರಿಂದ ನೆಲ ಸದಾ ಸಣ್ಣಗೆ ನಡುಗುತ್ತಿತ್ತು. ಕ್ಲೋರಿನ್ ವಾಸನೆ ಬಟ್ಟೆಗೆ, ಕೂದಲಿಗೆ, ಡಬ್ಬಿಯ ಅನ್ನಕ್ಕೂ ಹತ್ತುತ್ತಿತ್ತು. ಎರಡು ಮೇಜು, ಎರಡು ಟರ್ಮಿನಲ್ಲು, ಎರಡಕ್ಕೂ ಒಂದೇ ಯಂತ್ರ, ಒಂದೇ ಲಾಗಿನ್. ಕಪ್ಪು ಪರದೆ, ಹಸಿರು ಅಕ್ಷರ, ಮಿಟುಕುವ ಕರ್ಸರ್. ಕಮಾಂಡಿನ ಸಾಲು ಹೊಡೆದು ಎಂಟರ್ ಒತ್ತಿದರೆ ಟ್ಯಾಂಕುಗಳ ಲೆಕ್ಕ ಸುರುಳಿ ಬಿಚ್ಚುತ್ತಿತ್ತು.

ಎದುರು ಮೇಜಿನವರು ಸಿಸ್ಟಂ ನೋಡಿಕೊಳ್ಳುವ ಹಿರಿಯರು. ಕಚೇರಿ ಅವರಿಗಿಟ್ಟ ಹೆಸರು ಹ್ಞೂಂ ಸಾರ್. ಹೊಗಳಿದರೂ ಹ್ಞೂಂ, ಉಗಿದರೂ ಹ್ಞೂಂ. ಅವರ ಮದುವೆಯ ದಿನವೂ ಮಂತ್ರಕ್ಕೆಲ್ಲ ಹ್ಞೂಂ ಎಂದೇ ಮುಗಿಸಿದರಂತೆ ಎಂದು ವಾಲ್ವ್‌ಮನ್‌ಗಳು ನಗುತ್ತಿದ್ದರು. ಆದರೆ ನೀರಕ್ಕನಿಗೆ ಕೆಲಸ ಕಲಿಸಿದವರು ಅವರೇ. ಹೊಡೆದದ್ದನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದ ಹುಡುಗಿಯ ಪಕ್ಕ ಬಂದು ನಿಂತು, ಮೇಲ್ಬಾಣದ ಕೀಯನ್ನು ಒಮ್ಮೆ ಒತ್ತಿ ತೋರಿಸಿದ್ದರು. ಆಗಲೇ ಹೊಡೆದು ಮುಗಿಸಿದ್ದ ಸಾಲು ತಾನಾಗಿ ಎದ್ದು ಬಂದಿತ್ತು. ಇನ್ನೊಮ್ಮೆ ಒತ್ತಿದರೆ ಅದರ ಹಿಂದಿನದು, ಮತ್ತೊಮ್ಮೆ ಒತ್ತಿದರೆ ನಿನ್ನೆಯದು.

"ಎಲ್ಲಾ ನೆನಪಿಟ್ಕೊಳುತ್ತಾ ಸಾರ್ ಇದು?" ಎಂದು ಅವಳು ಬೆರಗಾಗಿದ್ದಳು.

"ಹ್ಞೂಂ. ಒಂದು ಮಿತಿ ಇದೆ. ಹೊಸದು ಬಂದ ಹಾಗೆ ಹಳೇದು ತಳದಿಂದ ಉದುರುತ್ತೆ." ಅವರ ಮಟ್ಟಿಗೆ ಅದೊಂದು ಭಾಷಣ.

ನೀರಕ್ಕ ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ, ತಂಗಿ. ತಂಗಿಯನ್ನು ಮನೆಯವರು ಗುಬ್ಬಚ್ಚಿ ಎನ್ನುತ್ತಿದ್ದರು. ಪೇಟೆಯ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ಬಾಯಿಗೆ ಬಿಡುವೇ ಇರಲಿಲ್ಲ. ದಿನಾ ಮಧ್ಯಾಹ್ನ ಅಂಗಡಿಯ ಫೋನಿನಿಂದ ಕಚೇರಿಗೆ ಫೋನು ಮಾಡುತ್ತಿದ್ದಳು. ಫೋನು ಇದ್ದದ್ದು ಹ್ಞೂಂ ಸಾರ್ ಮೇಜಿನ ಮೇಲೆ. ಅವರು ಎತ್ತಿ, ಒಂದು ಮಾತೂ ಆಡದೆ ರಿಸೀವರನ್ನು ಈಚೆ ಚಾಚುತ್ತಿದ್ದರು. ಅತ್ತಲಿಂದ ಯಾವಾಗಲೂ ಒಂದೇ ಮೊದಲ ಮಾತು: "ಅಕ್ಕಾ, ಊಟ ಆಯ್ತೇನೇ?" ಆಮೇಲೆ ಊರಿನ ಸುದ್ದಿ.

ಒಂದು ಸಂಜೆ ಇಬ್ಬರಿಗೂ ಜಗಳವಾಯಿತು. ಅಕ್ಕನ ಹೊಸ ಕೊಡೆಯನ್ನು ತಂಗಿ ಬಸ್ಸಿನಲ್ಲಿ ಬಿಟ್ಟು ಬಂದಿದ್ದಳು. ಕೊಡೆಯಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. "ನಿನ್ನ ಕೈಗೆ ಏನು ಕೊಟ್ರೂ ನೀರಲ್ಲಿ ಹೋಮ" ಎಂದಳು ಇವಳು. "ನೀನೊಬ್ಬಳೇ ದುಡಿಯೋಳು, ನಾವೆಲ್ಲಾ ದಂಡಪಿಂಡ" ಎಂದಳು ಅವಳು. ಬೆಳಿಗ್ಗೆ ಇಬ್ಬರೂ ಮುಖ ತಿರುಗಿಸಿಕೊಂಡು ಬೇರೆ ಬೇರೆ ಬಸ್ಸು ಹತ್ತಿದರು.

ಅಂದು ಮಧ್ಯಾಹ್ನ ಫೋನು ಬಂದಾಗ ನೀರಕ್ಕನ ಎರಡೂ ಕೈ ಕೀಲಿಮಣೆಯ ಮೇಲಿದ್ದವು. ಉದ್ದದ ಸಾಲೊಂದನ್ನು ತಿದ್ದುತ್ತಿದ್ದಳು. ಹ್ಞೂಂ ಸಾರ್ ರಿಸೀವರ್ ಚಾಚಿದರು. ಜಗಳದ ಉಳಿಕೆ ಬಾಕಿ ಇರಬೇಕು ಎಂದುಕೊಂಡ ಅವಳು, ಪರದೆಯಿಂದ ಕಣ್ಣು ತೆಗೆಯದೆ ಬೇಡವೆಂದು ಕೈ ಆಡಿಸಿದಳು. ಅವರು ಅತ್ತ ಏನೋ ಹೇಳಿ ಇಟ್ಟರು.

ದರ್ಜಿ ಅಂಗಡಿಯ ಪಕ್ಕದಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವುತ್ತಿದ್ದರು. ಫೋನಿಟ್ಟ ಗುಬ್ಬಚ್ಚಿ ದಾರದ ಉಂಡೆ ತರುತ್ತೇನೆಂದು ಹೊರಗೆ ಕಾಲಿಟ್ಟಳು, ಅಷ್ಟೇ. ಗೋಡೆ ಕಾಲುದಾರಿಯ ಮೇಲೆ ಕುಸಿಯಿತು. ಸಾವಿನ ಮನೆಗೆ ಬಂದ ದರ್ಜಿ ಅಳುತ್ತಾ, "ಇನ್ನು ನಾಲ್ಕು ಮಾತಾಡ್ಕೊಂಡು ಒಳಗೇ ನಿಂತಿದ್ರೆ ಉಳೀತಿತ್ತಲ್ಲಮ್ಮಾ ಮಗು" ಎಂದ. ಅಕ್ಕ ಫೋನು ಬೇಡವೆಂದದ್ದು ಅವನಿಗೆ ಗೊತ್ತಿರಲಿಲ್ಲ. ನೀರಕ್ಕನಿಗೆ ಆ ನಾಲ್ಕು ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದವು.

ಕೆಲಸಕ್ಕೆ ಮರಳಿದ ಮೇಲೂ ಅವಳ ಕೈ ಎಂದಿನಂತೆಯೇ ಓಡುತ್ತಿತ್ತು. ಮಧ್ಯಾಹ್ನ ಫೋನು ಸುಮ್ಮನೆ ಕೂತಿರುವ ಹೊತ್ತಿನಲ್ಲಿ ಮಾತ್ರ ಏನು ಮಾಡಲೂ ತೋಚುತ್ತಿರಲಿಲ್ಲ. ಅಂಥ ಒಂದು ಹೊತ್ತಿನಲ್ಲಿ ಬೆರಳು ತಾನಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಗುಬ್ಬಚ್ಚಿ ಎಂದು ಹೊಡೆಯಿತು. ಎಂಟರ್ ಒತ್ತಿದಳು.

ಗುಬ್ಬಚ್ಚಿ: ಇಂಥ ಕಮಾಂಡ್ ಇಲ್ಲ ಎಂದಿತು ಯಂತ್ರ.

ವಿಚಿತ್ರವೆಂದರೆ ಅದರಿಂದ ಅವಳಿಗೆ ಸಮಾಧಾನವಾಯಿತು. ಮನೆಗೆ ಬಂದವರೆಲ್ಲ ಗುಬ್ಬಚ್ಚಿ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾಳೆ ಎನ್ನುತ್ತಿದ್ದರು. ಇದೊಂದು ಮಾತ್ರ ಇಲ್ಲದ್ದನ್ನು ಇಲ್ಲ ಎಂದೇ ಹೇಳಿತು. ಮೇಲ್ಬಾಣ ಒತ್ತಿದಳು. ಹೆಸರು ಕತ್ತಲೆಯಿಂದ ಎದ್ದು ಬಂದು ನಿಂತಿತು. ಎಷ್ಟು ಸಲ ಒತ್ತಿದರೂ ಬರುತ್ತಿತ್ತು.

ಅಲ್ಲಿಂದ ಅದು ದಿನದ ಕೆಲಸವಾಯಿತು. ಟ್ಯಾಂಕಿನ ಲೆಕ್ಕದ ಸಾಲುಗಳು ಒಂದರ ಮೇಲೊಂದು ಬಿದ್ದು ಹೆಸರು ಕೆಳಗೆ ಕೆಳಗೆ ಇಳಿಯುತ್ತಿತ್ತು. ಒಂದು ದಿನ ಅದು ತಳ ಸೇರಿ ಉದುರಿಹೋದೀತೆಂದು ಅವಳಿಗೆ ದಿಗಿಲು. ಆದ್ದರಿಂದ ದಿನಾ ಮಧ್ಯಾಹ್ನ ಹೊಸದಾಗಿ ಹೊಡೆಯುತ್ತಿದ್ದಳು. ಇಲ್ಲ ಎನ್ನಿಸಿಕೊಂಡು ಡಬ್ಬಿ ಬಿಚ್ಚುತ್ತಿದ್ದಳು. ರಜೆಯ ದಿನ ಬಂತೆಂದರೆ ಮನೆಯಲ್ಲಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಹೀಗೆ ವರ್ಷ ಕಳೆಯುತ್ತ ಬಂದಾಗ, ಒಂದು ಮಧ್ಯಾಹ್ನ ಅವಳು ಹೆಸರು ಹೊಡೆದು ಎಂಟರ್ ಒತ್ತಿ ಡಬ್ಬಿಗೆ ಕೈ ಹಾಕಿದಳು. ತಲೆ ಎತ್ತಿದರೆ ಪರದೆಯ ಮೇಲೆ ಬೇರೆಯೇ ಸಾಲು.

ಅಕ್ಕಾ, ಊಟ ಆಯ್ತೇನೇ?

ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ಅದುಮಿದಳು. ಹ್ಞೂಂ ಸಾರ್ ಬೆನ್ನು ಹಾಕಿಕೊಂಡು ಕಾಗದ ಜೋಡಿಸುತ್ತಿದ್ದರು. ಕೆಳಗೆ ಪಂಪು ಎಂದಿನಂತೆ ಗುಂಯ್‌ಗುಡುತ್ತಿತ್ತು. ಅವಳು ಪರದೆಯ ಸ್ವಿಚ್ಚನ್ನೇ ಆರಿಸಿ, ತಲೆನೋವೆಂದು ಮನೆಗೆ ಹೋದಳು.

ವಾರವೆಲ್ಲ ಆ ಹೆಸರನ್ನು ಮುಟ್ಟಲಿಲ್ಲ. ಬೇರೆ ಸಾಲು ಹುಡುಕಲು ಮೇಲ್ಬಾಣ ಒತ್ತುವಾಗ ಎಲ್ಲಿ ಅದು ಎದ್ದು ಬಂದುಬಿಡುತ್ತದೋ ಎಂದು ಕಣ್ಣು ಅರೆಮುಚ್ಚುತ್ತಿದ್ದಳು. ಕೊನೆಗೆ ಧೈರ್ಯ ಮಾಡಿ, ಹೊಡೆದ ಸಾಲುಗಳ ಪಟ್ಟಿಯಾದ ಹಿಸ್ಟರಿಯನ್ನು ಪೂರ್ತಿ ತೆರೆದು, ಯಾರಾದರೂ ಕೈಯಾಡಿಸಿದ ಗುರುತು ಇದೆಯೇ ಎಂದು ಸಾಲು ಸಾಲಾಗಿ ನೋಡಿದಳು. ಅವಳ ಸಾಲುಗಳಿದ್ದವು, ಹ್ಞೂಂ ಸಾರ್ ದಿನಾ ಹೊಡೆಯುವ ಸಾಲುಗಳಿದ್ದವು. ಬೇರೇನೂ ಇರಲಿಲ್ಲ.

ನಿಜ ಹೇಳಬೇಕೆಂದರೆ, ಇಲ್ಲದಿದ್ದ ಆ ಕಮಾಂಡ್ ಈಗ ಎಲ್ಲಿಂದ ಬಂತೆಂದು ಯಂತ್ರವನ್ನೇ ಕೇಳಬಹುದಿತ್ತು. ಅದಕ್ಕೆ ಒಂದು ಪುಟ್ಟ ಸಾಲು ಸಾಕು, ಅವಳಿಗದು ಗೊತ್ತಿತ್ತು. ಒಂದು ದಿನ ಆ ಸಾಲನ್ನು ಹೊಡೆದೂ ಹೊಡೆದಳು. ಎಂಟರ್ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಮುಗಿಯಿತು. ಹೆಸರಿಗೆ ಮೊದಲಿದ್ದ ಅಕ್ಷರಗಳನ್ನು ಒಂದೊಂದಾಗಿ ಅಳಿಸುತ್ತ ಬಂದಳು. ಹೆಸರೊಂದೇ ಉಳಿದಾಗ ಕೈ ನಿಂತಿತು. ಎಂಟರ್ ಒತ್ತಿದಳು.

ಅಕ್ಕಾ, ಊಟ ಆಯ್ತೇನೇ?

ಈ ಸಲ ಅವಳು ಎದ್ದು ಹೋಗಲಿಲ್ಲ.

ಆಮೇಲಿನ ವರ್ಷಗಳನ್ನು ಅವಳು ಹೇಗೆ ಕಳೆದಳೆಂದು ಯಾರಿಗೂ ತಿಳಿಯದು. ತುಟಿ ಪಿಟಕ್ಕೆನ್ನಲಿಲ್ಲ. ವರ್ಗಾವಣೆ ಬಂದರೆ ಕಾಡಿ ಬೇಡಿ ತಪ್ಪಿಸಿಕೊಂಡಳು. ಒಂದು ಸಂಬಂಧ ಕೂಡಿಬಂದಿತ್ತು, ಹುಡುಗ ದೂರದ ಊರಿನವನು ಎಂದು ಬೇಡವೆಂದಳು. ತಾಯಿ ಗೋಳಾಡಿದಳು. "ಆ ನೀರಿನ ಆಫೀಸಲ್ಲಿ ಅದೇನು ನಿಧಿ ಹೂತಿಟ್ಟಿದ್ದೀಯೇ?" ಎಂದು ಕೇಳಿದಾಗ ನೀರಕ್ಕ ಮುಖ ತೊಳೆಯುವ ನೆಪದಲ್ಲಿ ಎದ್ದು ಹೋದಳು. ಅದು ತಂಗಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಊಟದ ಹೊತ್ತಿಗೆ ಆ ಸಾಲು ಬರುವ ಮೊದಲಿನ ಒಂದು ಚಣ ಕತ್ತಿನ ಹಿಂದೆ ಯಾರೋ ಬಂದು ನಿಂತ ಹಾಗಾಗುತ್ತಿತ್ತು. ಹಿಂತಿರುಗಿ ನೋಡಲು ಭಯ. ನೋಡಿದರೆ ಯಾರೂ ಇರುವುದಿಲ್ಲವಲ್ಲ ಎಂಬುದೇ ಆ ಭಯ.

ಕಚೇರಿಗೆ ಹೊಸ ಯಂತ್ರ ಮಂಜೂರಾಯಿತು. ಹಳೆಯದು ಗುಜರಿಗೆ. ಹ್ಞೂಂ ಸಾರ್ ನಿವೃತ್ತಿಗೆ ಕೆಲವೇ ವಾರಗಳಿದ್ದವು. ಹಳೆಯದರಲ್ಲಿ ತಾವು ಬರೆದಿಟ್ಟ ಸಣ್ಣಪುಟ್ಟ ಕಮಾಂಡ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸುವುದು ಅವರ ಕೊನೆಯ ಕೆಲಸ. ಒಂದು ಬೆಳಿಗ್ಗೆ ಅವರು ಅವಳ ಮೇಜಿನ ಹತ್ತಿರ ಬಂದು ನಿಂತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅದನ್ನೂ ಹಾಕ್ಲೇನಮ್ಮಾ ಹೊಸದಕ್ಕೆ?"

"ಯಾವುದನ್ನ ಸಾರ್?"

"ಅದೇ… ಗುಬ್ಬಚ್ಚೀನ."

"ನೀವಾ?" ಎಂದಳು ಅವಳು.

"ಹ್ಞೂಂ."

ಎಲ್ಲಿತ್ತೋ ಅಷ್ಟು ಸಿಟ್ಟು. "ಸತ್ತವಳ ಬಾಯಲ್ಲಿ ಮಾತು ತುರುಕೋಕೆ ನೀವು ಯಾರ್ರೀ? ಇಷ್ಟು ವರ್ಷ ನಾನು ಹುಚ್ಚಿ ಥರ ಇದರ ಮುಂದೆ ಕೂತಿದ್ದೆನಲ್ಲ, ನೋಡ್ಕೊಂಡು ಸುಮ್ನಿದ್ರಾ? ಮಜಾ ಇತ್ತಾ?"

ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದ ವಾಲ್ವ್‌ಮನ್ ಒಬ್ಬ ಸದ್ದಿಲ್ಲದೆ ಹಿಂದೆ ಸರಿದ. ಹ್ಞೂಂ ಸಾರ್ ಕುರ್ಚಿ ಎಳೆದುಕೊಂಡು ಕೂತರು.

"ನಾನು ತುರುಕಿಲ್ಲಮ್ಮಾ. ಅವಳೇ ಹೇಳಿದ್ದು."

"ಏನು?"

"ಆವತ್ತು ನೀವು ಕೈ ಆಡಿಸಿದ್ರಿ. ಅಕ್ಕ ಕೆಲಸದಲ್ಲಿದ್ದಾರೆ ಅಂದೆ. 'ಪರವಾಗಿಲ್ಲ ಅಂಕಲ್, ಅಕ್ಕಾ ಊಟ ಆಯ್ತೇನೇ ಅಂದಳು ಅಂತ ಹೇಳ್ಬಿಡಿ ಸಾಕು, ಅವಳಿಗೆ ಅರ್ಥವಾಗುತ್ತೆ' ಅಂದಳು. ಫೋನಿಟ್ಟು ತಿರುಗಿದೆ. ನೀವು ಲೆಕ್ಕದಲ್ಲಿ ಮುಳುಗಿದ್ರಿ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ." ಅವರು ಕನ್ನಡಕವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. "ಆಮೇಲೆ ಆ ಸುದ್ದಿ ಬಂತು. ಹೇಗೆ ಹೇಳಲಿ? ನಾನು ಒಂದು ನಾಲ್ಕು ಮಾತು ಹೆಚ್ಚಿಗೆ ಆಡೋ ಮನುಷ್ಯ ಆಗಿದ್ರೆ ಅವಳು ಇರ್ತಿದ್ದಳು. ನನಗೆ ಮಾತೇ ಬರಲ್ಲವಲ್ಲಮ್ಮಾ."

ಅವಳು ಮೇಲ್ಬಾಣದ ಕೀಯತ್ತ ನೋಡಿದಳು.

"ಬೆಳಿಗ್ಗೆ ಬಂದು ಮೇಲ್ಬಾಣ ಒತ್ತಿದರೆ ನೀವು ಹೊಡೆದ ಹೆಸರು ಬರ್ತಿತ್ತು. ದಿನಾ. ನೋಡೋಕಾಗ್ತಿರಲಿಲ್ಲ. ಬಾಯಲ್ಲಿ ಹೇಳೋಕಾಗದ್ದನ್ನ ಅಲ್ಲಿ ಬರೆದಿಟ್ಟೆ. ಸಾಲಿನ ಮುಂದೆ ಒಂದು ಸ್ಪೇಸ್ ಬಿಟ್ಟು ಹೊಡೆದ್ರೆ ಹಿಸ್ಟರಿಗೆ ಹತ್ತಲ್ಲ. ನಿಮಗೆ ಗೊತ್ತಾಗಬಾರದು ಅಂತ ಹಾಗೆ ಮಾಡಿದೆ."

ನೀರಕ್ಕ ಎದ್ದು ಮೆಟ್ಟಿಲಿಳಿದು ತೊಟ್ಟಿಗಳ ಅಂಚಿಗೆ ಹೋದಳು. ಅಲ್ಲಿ ಕಂಬಿ ಹಿಡಿದು, ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಅತ್ತಳು. ಜಗಳ ಮುಗಿಸಲೆಂದೇ ತಂಗಿ ಫೋನು ಮಾಡಿದ್ದಳು. ಆ ಮಾತು ತನಗೆ ತಲುಪಿ ವರ್ಷಗಳೇ ಆಗಿದ್ದವು. ಅದು ತಂಗಿಯದೇ ಮಾತೆಂದು ತಿಳಿಯದೆ ದಿನಾ ಅದನ್ನು ಓದುತ್ತಿದ್ದಳು.

ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿ, "ಹಾಗಾದ್ರೆ ಕೋಪ ಇಟ್ಕೊಂಡು ಹೋಗ್ಲಿಲ್ಲ ನನ್ನ ಮಗು" ಎಂದಷ್ಟೇ ಹೇಳಿದಳು. ತಾಯಿಯೂ ಅದೇ ಸಂಕಟವನ್ನು ಅಷ್ಟು ವರ್ಷ ಹೊತ್ತುಕೊಂಡಿದ್ದಳೆಂದು ನೀರಕ್ಕನಿಗೆ ಅಂದೇ ಗೊತ್ತಾದದ್ದು.

ಗುಬ್ಬಚ್ಚಿಯನ್ನು ಹೊಸ ಯಂತ್ರಕ್ಕೆ ಹಾಕಿಸಲಿಲ್ಲ. ಹಳೆಯದನ್ನು ಆರಿಸುವ ದಿನ ಕೊನೆಯ ಸಲ ಹೆಸರು ಹೊಡೆದಳು. ಅದು ಕೇಳಿತು. "ಆಯ್ತು ಕಣೇ, ನಿಂದು?" ಎಂದು ಹೊಡೆದಳು. ಇಂಥ ಕಮಾಂಡ್ ಇಲ್ಲ ಎಂದಿತು. ಗುಜರಿಯವರು ತಂತಿಗಳನ್ನು ಕಿತ್ತು, ಡಬ್ಬವನ್ನು ಹೆಗಲಿಗೇರಿಸಿಕೊಂಡು ಹೋದರು.

ಅಷ್ಟಕ್ಕೇ ಕಾಟ ತಪ್ಪಿತೆಂದಲ್ಲ. ಹೊಸ ಪರದೆಯ ಮುಂದೆ, ಊಟದ ಹೊತ್ತಿಗೆ, ಕತ್ತಿನ ಹಿಂದೆ ಈಗ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಆ ಖಾಲಿಯೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಹ್ಞೂಂ ಸಾರ್ ಮೇಲಿನ ಸಿಟ್ಟೂ ಬೇಗ ಇಳಿಯಲಿಲ್ಲ. ಅವರ ಬೀಳ್ಕೊಡುಗೆಗೆ ಅವಳು ಹೋಗಲಿಲ್ಲ.

ಪಿಂಚಣಿಯ ಕಾಗದಕ್ಕೆಂದು ಅವರು ಒಮ್ಮೆ ಕಚೇರಿಗೆ ಬಂದಾಗ ನೀರಕ್ಕನೇ ಕುರ್ಚಿ ಎಳೆದು ಕೂರಿಸಿದಳು. ಕಾಗದಗಳನ್ನು ಜೋಡಿಸಿ ಅವರ ಮುಂದಿಟ್ಟಳು.

"ಯಾವ ದನೀಲಿ ಅಂದಳು ಸಾರ್?" ಎಂದಳು ಇದ್ದಕ್ಕಿದ್ದಂತೆ.

ಅವರಿಗೆ ತಕ್ಷಣ ಅರ್ಥವಾಯಿತು. "ನಗ್ತಾ ಅಂದಳು. ಹಿಂದೆ ಯಾರೋ ಹೊಲಿಗೆ ಮಷೀನ್ ತುಳೀತಿದ್ರು."

ಅಂದಿನಿಂದ ಅವರು ಕಾಗದದ ನೆಪವಿಲ್ಲದೆಯೂ ಬರತೊಡಗಿದರು. ಬಂದಾಗಲೆಲ್ಲ ಅವಳು ಅದೇ ಫೋನಿನ ಬಗ್ಗೆ ಕೇಳುತ್ತಾಳೆ, ಅವರು ಹೇಳುತ್ತಾರೆ. ಪ್ರತಿ ಸಲವೂ ಎಳ್ಳಷ್ಟು ಹೊಸದು ಸೇರಿರುತ್ತದೆ. ಒಮ್ಮೆ ಗುಬ್ಬಚ್ಚಿ ಕೆಮ್ಮಿದ್ದು, ಇನ್ನೊಮ್ಮೆ ದರ್ಜಿ ಏನೋ ಕೂಗಿದ್ದು, ಮತ್ತೊಮ್ಮೆ ಅವಳು ಅಂಕಲ್ ನಿಮ್ಮದೂ ಊಟ ಆಯ್ತಾ ಎಂದದ್ದು. ಅಷ್ಟು ಚಿಕ್ಕ ಫೋನಿನಲ್ಲಿ ಇಷ್ಟೆಲ್ಲ ಹಿಡಿಸಿತ್ತೇ ಎಂದು ನೀರಕ್ಕನಿಗೂ ಅನ್ನಿಸದೆ ಇಲ್ಲ. ನೆನಪಾಗಿ ಹೇಳುತ್ತಾರೋ, ತನ್ನ ಸಮಾಧಾನಕ್ಕಾಗಿ ಹೇಳುತ್ತಾರೋ ಎಂದು ವಿಚಾರಿಸಲು ಅವಳು ಹೋಗುವುದಿಲ್ಲ.

ಮೊನ್ನೆ ಬಂದವರು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಫೋನು ಇಡೋಕೆ ಮುಂಚೆ ಏನೋ ಗುನುಗ್ತಿದ್ದಳಮ್ಮಾ" ಎಂದರು.

ಯಾವ ಹಾಡೆಂದು ನೀರಕ್ಕ ಕೇಳಲಿಲ್ಲ. "ಮುಂದಿನ ಸಲ ಬೇಗ ಬನ್ನಿ ಸಾರ್" ಎಂದಳು.

"ಹ್ಞೂಂ" ಎಂದರು ಅವರು.