ಮೊದಲ ರೊಟ್ಟಿಯ ಹಕ್ಕುದಾರಳು

ಕುವೈತಿನ ಸಾಲ್ಮಿಯಾದ ನಮ್ಮ ನಾಲ್ಕನೆಯ ಮಹಡಿಯ ಮನೆಗೆ ಆ ನಾಯಿಮರಿ ಬಂದದ್ದು ನನ್ನ ಹಟದಿಂದ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳ ಬಗ್ಗೆ ಮಾತಾಡಲು ತರಬೇತುಗಾರ್ತಿಯೊಬ್ಬರು ನಮ್ಮ ಕಾಲೇಜಿಗೆ ಬಂದಿದ್ದರು. ಶಾಲೆಯಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಎದ್ದು ನಿಂತು, "ಪ್ರಾಣಿಯ ಒಪ್ಪಿಗೆ ಕೇಳದೆ ಅದನ್ನು ದುಡಿಸುವುದು ಸೇವೆ ಹೇಗಾಗುತ್ತದೆ?" ಎಂದು ಕೇಳಿದೆ. ಆಕೆ ವಾದಿಸಲಿಲ್ಲ. "ಒಂದು ಮರಿಯನ್ನು ವರ್ಷ ಸಾಕಿಕೊಡು. ಆಮೇಲೆ ಇದೇ ಪ್ರಶ್ನೆ ಕೇಳು" ಎಂದರು. ಸಭೆ ನಕ್ಕಿತು. ನಾನು ಅರ್ಜಿ ತುಂಬಿದೆ.

"ನಾಯಿ? ದೇವರ ಜಗಲಿ ಇರೋ ಮನ್ಯಾಗ?" ಎಂದಳು ಅವ್ವ. "ನಿನಗ ತಲಿ ಐತೋ ಇಲ್ಲೋ?"

"ಒಂದು ವರ್ಷ ಅಷ್ಟ, ಅವ್ವಾ. ಆಮ್ಯಾಲ ವಾಪಸ್ ಕೊಡೋದು."

"ಕೊಡೂದಿದ್ರ ತರೂದ್ಯಾಕ?"

ನಾನು ಅಪ್ಪನ ಕಡೆ ತಿರುಗಿದೆ. ಶುವೈಖಿನ ಗ್ಯಾರೇಜಿನಲ್ಲಿ ದಿನವಿಡೀ ಎಂಜಿನ್ನುಗಳ ಗದ್ದಲ ಕೇಳಿ ಬರುವ ಅಪ್ಪನಿಗೆ ಮನೆಯಲ್ಲಿ ಇನ್ನೊಂದು ಗದ್ದಲ ಬೇಡ. "ಬರ್ಲಿ ಬಿಡು. ಖಲಾಸ್" ಎಂದ. ಅವನ ಎಲ್ಲ ತೀರ್ಪುಗಳೂ ಅದೇ ಪದದಲ್ಲಿ ಮುಗಿಯುತ್ತವೆ.

ಬಂದದ್ದು ಸಜ್ಜಕದ ಬಣ್ಣದ ಹೆಣ್ಣುಮರಿ. ದೊಡ್ಡವರ ಚಪ್ಪಲಿ ಹಾಕಿಕೊಂಡ ಮಗುವಿನಂತೆ ಅದಕ್ಕೆ ಮೈಗಿಂತ ಪಾದವೇ ದೊಡ್ಡದು. ನಾನು ಚರ್ಚೆಗೆ ಅಭ್ಯಾಸ ಮಾಡುವಾಗ ಎದುರು ಕೂತು, ಮೊದಲ ಅಂಶವನ್ನು ತಲೆ ಓರೆ ಮಾಡಿ ಕೇಳಿ, ಎರಡನೆಯದಕ್ಕೆ ನಿದ್ದೆ ಹೋಗುತ್ತಿತ್ತು. ಅಷ್ಟು ಪ್ರಾಮಾಣಿಕ ತೀರ್ಪುಗಾರರನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಫುಟ್‌ಪಾತಿನ ಮೇಲೆ ನನ್ನ ಅಂಗೈ ಇಟ್ಟು, ಸುಟ್ಟರೆ ಮರಿಯನ್ನು ಅಡ್ಡಾಡಿಸಲು ಮಾಲ್‌ಗೆ ಕರೆದೊಯ್ಯುತ್ತಿದ್ದೆ. ತರಬೇತುಗಾರ್ತಿ ಕೊಟ್ಟ ನಿಯಮಗಳಲ್ಲಿ ಒಂದಕ್ಕೆ ಕೆಂಪು ಗೆರೆ ಎಳೆದಿತ್ತು: ಮನುಷ್ಯರ ಊಟ ಒಂದು ತುತ್ತೂ ಕೊಡಕೂಡದು.

ಆದರೆ ಅವ್ವನ ಅಡುಗೆಮನೆಗೂ ಒಂದು ನಿಯಮವಿದೆ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಮನುಷ್ಯರದ್ದಲ್ಲ. ಊರಲ್ಲಾದರೆ ಅದು ಆಕಳಿಗೆ, ಇಲ್ಲವೇ ನಾಯಿಗೆ. ಕುವೈತಿಗೆ ಬಂದ ಮೇಲೆ ಇಪ್ಪತ್ತು ವರ್ಷ ಆ ರೊಟ್ಟಿಯನ್ನು ಬಾಲ್ಕನಿಯ ಪಾರಿವಾಳಗಳಿಗೆ ಚೂರು ಮಾಡಿ ಹಾಕಿದ್ದಳು. ಈಗ ಮನೆಯೊಳಗೇ ಹಕ್ಕುದಾರಳು ಬಂದಿದ್ದಳು.

ಮರಿ ಬಂದ ಎಂಟನೆಯ ತಿಂಗಳಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ದೇವರ ಜಗಲಿಯ ಮಾತಾಡಿದ್ದ ಅವ್ವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಜೋಳದ ರೊಟ್ಟಿಯ ಚೂರಿಗೆ ಉಫ್ ಉಫ್ ಎಂದು ಊದುತ್ತಿದ್ದಳು. "ತಗೋ ನಮ್ಮವ್ವಾ, ನಿನ್ನ ಪಾಲು."

ನಾನು ಸದ್ದಿಲ್ಲದೆ ಹಿಂದೆ ಸರಿದೆ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಊಟಕ್ಕೆ ಆಸೆಬಿದ್ದು ನಪಾಸಾದ ಮರಿಯನ್ನು ಸಾಕಿದ ಮನೆಗೇ ಕೊಡುತ್ತಾರೆ. ಪಾಸಾದರೆ ಅಲ್ಲಿಂದಲೇ ಕರೆದೊಯ್ಯುತ್ತಾರೆ. ಯಾವ ವಿಷಯಕ್ಕಾದರೂ ಎರಡೂ ಪಕ್ಷ ವಾದಿಸಬಲ್ಲ ನಾನು ಹದಿನಾರು ದಿನ ಬಾಯಿ ಬಿಡಲಿಲ್ಲ.

ಹದಿನೇಳನೆಯ ಬೆಳಿಗ್ಗೆ ಮರಿಯನ್ನು ಅಡ್ಡಾಡಿಸುತ್ತಿದ್ದಾಗ, ಬೇಕರಿಯಿಂದ ಬಿಸಿ ಖುಬ್ಜ್ ರೊಟ್ಟಿಗಳ ಕಟ್ಟು ಹಿಡಿದ ಒಬ್ಬಾತ ರಸ್ತೆ ದಾಟಿದ. ಮರಿ ಅವನ ಹಿಂದೆ ಎಗರಿತು. ಹಗ್ಗದ ಸೆಳೆತಕ್ಕೆ ನಾನು ನಡುರಸ್ತೆಯಲ್ಲಿ ಮೊಣಕಾಲೂರಿ ಬಿದ್ದೆ. ಪಿಕಪ್ಪೊಂದು ಬ್ರೇಕ್ ಕಿರುಚಿಸಿ, ನಮ್ಮಿಂದ ಎರಡು ಗೇಣಿನಷ್ಟು ದೂರದಲ್ಲಿ ನಿಂತಿತು. ಡ್ರೈವರ್ ಬಯ್ದ, ಮರಿ ನನ್ನ ಕಿವಿ ನೆಕ್ಕಿತು. ಕಣ್ಣು ಕಾಣುವ ನನ್ನ ಗತಿಯೇ ಹೀಗಾದರೆ, ಮುಂದೆ ಈ ಹಗ್ಗ ಹಿಡಿಯುವವರು?

"ಅವ್ವಾ, ಮೊದಲ ರೊಟ್ಟಿ ಯಾರಿಗೆ ಹಾಕ್ತಿ?"

"ಬಂದ್ಲು ನೋಡು ವಕೀಲಮ್ಮ! ಮೊಣಕಾಲಿಗೇನಾತು?"

ನಡೆದದ್ದನ್ನೆಲ್ಲ ಹೇಳಿದೆ. ಹದಿನಾರು ದಿನದ ಸಂಗತಿಯನ್ನೂ ಹೇಳಿದೆ.

"ಗೊತ್ತಿದ್ದೂ ಸುಮ್ಮನಿದ್ದಿ? ನೀನು?" ಅವ್ವನಿಗೆ ಪಿಕಪ್ಪಿಗಿಂತ ಇದೇ ದೊಡ್ಡ ಆಶ್ಚರ್ಯ. ಆಮೇಲೆ ಉರಿ ಸಣ್ಣ ಮಾಡಿದಳು. "ನಾ ಧರ್ಮ ಅಂತ ಹಾಕತಿದ್ದೆ. ನೀ ಯಾತಕ್ಕ ಸುಮ್ಮನಿದ್ದಿ?"

"ಇಟಗೋಬೇಕಂತ."

ಅವ್ವ ಬಯ್ಯಲಿಲ್ಲ. ಅದೇ ಹೆಚ್ಚು ತಾಗಿತು. ಮರಿಯ ಕಿವಿ ಸವರುತ್ತ, "ಕಣ್ಣಿಲ್ಲದವರನ್ನ ಬೀಳಸೂ ಧರ್ಮ ನನಗ ಬ್ಯಾಡವಾ" ಎಂದಳು, ನನಗಲ್ಲ, ಅದಕ್ಕೆ.

ಮರುದಿನದಿಂದ ಅವ್ವನೇ ಮೇಷ್ಟ್ರು. ಬಿಸಿ ರೊಟ್ಟಿಯ ತಟ್ಟೆ ನೆಲದ ಮೇಲೆ, ಮರಿ ಎದುರಿಗೆ. ನಾನು ನೂರರವರೆಗೆ ಎಣಿಸುವಷ್ಟು ಹೊತ್ತು ಅದು ಅಲುಗಾಡುವಂತಿಲ್ಲ. ಗೆದ್ದರೆ ನಾಯಿ ತಿನಿಸಿನ ನಾಲ್ಕು ಕಾಳು. ಅವ್ವ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. "ಅಕಿ ಕಣ್ಣ ನೋಡಿದ್ರ ನನ್ನ ಕೈ ನಿಂದ್ರೂದಿಲ್ಲ. ಲಗೂನ ಎಣಸು!"

ಪರೀಕ್ಷೆ ಮಾಲೊಂದರ ಉದ್ದನೆಯ ಪಡಸಾಲೆಯಲ್ಲಿ ನಡೆಯಿತು. ಮೊದಲು ಒಂದು ಫಾರಂ. 'ಮನೆಯ ಊಟ ಎಂದಾದರೂ ಕೊಟ್ಟಿದ್ದೀರಾ?' ಪದಗಳ ಹಿಂದೆ ಅಡಗುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಆದರೂ ಬರೆದೆ: ಕೊಟ್ಟಿದ್ದೇವೆ, ಕೊನೆಯ ಹದಿನಾರು ದಿನ ನನಗೆ ತಿಳಿದೇ.

"ನನ್ನ ಹೆಸರೂ ಬರಿ" ಎಂದಳು ಅವ್ವ. "ಹಾಕಿದಾಕಿ ನಾನು."

ತರಬೇತುಗಾರ್ತಿ ಓದಿ, ಫಾರಂ ಮಡಚಿಟ್ಟರು. ಖುಬ್ಜಿನ ಒಂದು ದೊಡ್ಡ ತುಂಡನ್ನು ದಾರಿಯ ನಟ್ಟನಡುವೆ ಹಾಕಿ, ಮರಿಯ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಂಡು ನಡೆದರು. ತುಂಡಿನ ಹತ್ತಿರ ಮರಿಯ ಮೂಗು ಅರಳಿತು, ಹೆಜ್ಜೆ ನಿಧಾನವಾಯಿತು. ಅವ್ವನ ಬಳೆ ನನ್ನ ತೋಳಿಗೆ ಒತ್ತುತ್ತಿತ್ತು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ನಾಲ್ಕು ಎಣಿಸುವಷ್ಟರಲ್ಲಿ ಮರಿ ಪಕ್ಕಕ್ಕೆ ಸರಿದು, ತುಂಡು ದಾಟಿ, ಅವರನ್ನು ನೇರ ಪಡಸಾಲೆಯ ಕೊನೆಗೆ ಒಯ್ದಿತು.

ತರಬೇತುಗಾರ್ತಿ ಕಣ್ಣು ತೆರೆದು, "ಈಗ ಕೇಳು ನಿನ್ನ ಪ್ರಶ್ನೆ" ಎಂದರು. ಪ್ರಶ್ನೆ ಇನ್ನೂ ಇತ್ತು, ಇಂದಿಗೂ ಇದೆ. ಕೇಳುವ ಬದಲು ಬಗ್ಗಿ ಮರಿಯ ಕಿವಿ ಸವರಿ, ಹಗ್ಗವನ್ನು ಅವರ ಕೈಯಲ್ಲೇ ಬಿಟ್ಟು ಬಂದೆ.

ಕೆಳಗೆ ಅಪ್ಪ ಗಾಡಿ ತಂದು ಕಾಯುತ್ತಿದ್ದ. "ಏನಾತು?"

"ಪಾಸಾದ್ಲು" ಎಂದ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಪ್ಪ ತಲೆಯಾಡಿಸಿದ. ಖಲಾಸ್ ಎನ್ನಲಿಲ್ಲ. ವರ್ಷದ ರೂಢಿಯಂತೆ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲಿನ ಹಳೆಯ ಚಾದರ ಸರಿಪಡಿಸಿ, ಹತ್ತುವವಳಿಗಾಗಿ ಬಾಗಿಲು ಹಿಡಿದು ನಿಂತ.