ಬಟ್ಟೆ ಕಾದ ಹೆಡ್‌ಮಾಸ್ಟರು

ನಮ್ಮ ಹೆಡ್‌ಮಾಸ್ಟರ್ ಶಿವನಂಜಪ್ಪನವರು ತಮ್ಮ ಸೇವೆಯ ಕೊನೆಯ ವರ್ಷವನ್ನು ಆಕಾಶ ನೋಡುತ್ತಾ ಕಳೆದರು. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ ಅವರು ಮೈಕಿನ ಮುಂದೆ ಬಂದು, ಗದ್ದವನ್ನು ಮೇಲಕ್ಕೆತ್ತಿ, ತೆಂಗಿನ ಮರದ ಸುಳಿಗೆ ಉಪದೇಶ ಮಾಡುವವರಂತೆ ಮಾತಾಡುತ್ತಿದ್ದರು. ಕಾಂಪೌಂಡಿನ ಆಚೆ ಬಸ್ಸಿಗೆ ಕಾಯುವವರಲ್ಲಿ ಈ ಬಗ್ಗೆ ಎರಡು ಪಕ್ಷಗಳಾಗಿದ್ದವು. “ರಿಟೈರಾಗೋ ಟೈಮಲ್ಲಿ ಅಹಂಕಾರ ಬಂದದೆ” ಎಂಬುದು ಒಂದು ಪಕ್ಷ. “ಇಲ್ಲ ಕಣ್ಲಾ, ದೇವ್ರ ಕಡೀಕೆ ತಿರುಗವ್ರೆ” ಎಂಬುದು ಇನ್ನೊಂದು. ನಿಜಸಂಗತಿ ಇಷ್ಟೇ: ಹೆಡ್‌ಮಾಸ್ಟರು ಕುಳ್ಳು, ಮೈಕಿನ ಸ್ಟ್ಯಾಂಡು ಎತ್ತರ, ಅದನ್ನು ಇಳಿಸಬೇಕಾದವರು ಅವರ ಜೊತೆ ಮಾತು ಬಿಟ್ಟಿದ್ದರು.

ಶಾಲೆ ಇರುವುದು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ. ನಾನು ಅಲ್ಲಿ ಕನ್ನಡದ ಮೇಷ್ಟ್ರಾಗಿದ್ದೆ. ದಿನಾ ಬೆಳಿಗ್ಗೆ ಹೆಡ್‌ಮಾಸ್ಟರ ಹಿತನುಡಿ ಕೇಳುವುದು ನಮ್ಮೆಲ್ಲರ ಕರ್ತವ್ಯವಾಗಿತ್ತು. ಸಂಸಾರ, ಸ್ನೇಹ, ಜೀವನ ಎಂಬ ಮೂರು ವಿಷಯಗಳನ್ನು ಬಿಟ್ಟು ಅವರು ಆಚೆ ಕಾಲಿಡುತ್ತಿರಲಿಲ್ಲ. ಇದರಲ್ಲಿ ಅಪಾಯವೇನೂ ಇಲ್ಲ ಎಂದು ಹೊಸಬರಿಗೆ ಅನ್ನಿಸುತ್ತಿತ್ತು. ಅಪಾಯವಿದ್ದದ್ದು ಉದಾಹರಣೆಗಳಲ್ಲಿ. ಪುರಾಣದಿಂದಲೋ ಮಹಾಪುರುಷರ ಚರಿತ್ರೆಯಿಂದಲೋ ಉದಾಹರಣೆ ತಂದರೆ ಯಾರಿಗೂ ನೋವಿಲ್ಲ. ಶಿವನಂಜಪ್ಪನವರು ಅಷ್ಟು ದೂರ ಹೋಗುವವರಲ್ಲ. ಅವರು ಮನೆಯಿಂದಲೇ ತರುತ್ತಿದ್ದರು.

“ಮೇಷ್ಟ್ರೇ, ಉದಾಹರಣೆ ಅನ್ನೋದು ನಡೆದಿರಬೇಕು,” ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. “ಕಲ್ಪಿಸಿ ಹೇಳಿದರೆ ಅದು ಮಕ್ಕಳಿಗೆ ಮಾಡೋ ಮೋಸ. ಈ ಮೈಕಿನ ಮುಂದೆ ನಾನು ಸುಳ್ಳು ಹೇಳಿದ ದಿನ ನನ್ನ ಬಾಯಿಗೆ ಹುಳ ಬೀಳಲಿ.”

ಹಾಗಾಗಿ ‘ಸಹನೆ’ ಎಂಬ ವಿಷಯದ ದಿನ ಅವರ ಧರ್ಮಪತ್ನಿ ಗಿರಿಜಮ್ಮನವರು ಉದಾಹರಣೆಯಾದರು. ಅವರಿಗೆ ಕೋಪ ಬಂದರೆ ಮಾತಾಡುವುದಿಲ್ಲವೆಂದೂ, ಸಾರಿಗೆ ಖಾರ ಜಾಸ್ತಿ ಹಾಕುತ್ತಾರೆಂದೂ, ಸಹನಶೀಲನಾದ ಪತಿ ಅದಕ್ಕೆ ತುಪ್ಪ ಬೆರೆಸಿಕೊಂಡು ಮೌನವಾಗಿ ಉಣ್ಣುತ್ತಾನೆಂದೂ ಊರಿಗೆಲ್ಲ ತಿಳಿಯಿತು. ಕಳಲೆಗೆ ಮನೆಅಳಿಯನಾಗಿ ಹೋಗಿದ್ದ ಹೆಡ್‌ಮಾಸ್ಟರ ತಮ್ಮ ‘ಸ್ವಾವಲಂಬನೆ’ ಎಂಬ ವಿಷಯಕ್ಕೆ ಬಂದುಹೋದ ಮೇಲೆ ಹಬ್ಬಕ್ಕೂ ಅಣ್ಣನ ಮನೆಗೆ ಬರುವುದನ್ನು ನಿಲ್ಲಿಸಿದ. ನಾನೂ ಒಮ್ಮೆ ‘ಮಧ್ಯಾಹ್ನದ ನಿದ್ರೆಯ ಕೆಡುಕುಗಳು’ ಎಂಬುದರಲ್ಲಿ ಪಾತ್ರ ವಹಿಸಿದ್ದೇನೆ. ಅವರು ದಯೆ ತೋರಿ ನನ್ನ ಹೆಸರು ಹೇಳಲಿಲ್ಲ, ‘ನಮ್ಮ ಶಾಲೆಯ ಕನ್ನಡ ಅಧ್ಯಾಪಕರೊಬ್ಬರು’ ಎಂದಷ್ಟೇ ಅಂದರು. ಶಾಲೆಯಲ್ಲಿ ಕನ್ನಡ ಅಧ್ಯಾಪಕರು ಇದ್ದದ್ದೇ ಒಬ್ಬರು.

ಗಿರಿಜಮ್ಮನವರು ಒಮ್ಮೆ ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಹೇಳಿದ್ದರು: “ನೋಡಿ ಮೇಷ್ಟ್ರೇ, ಸೊಪ್ಪು ಮಾರೋ ಹೆಂಗಸು ಕೇಳ್ತಾಳೆ, ‘ನಿನ್ನೆ ಸಾರು ಖಾರ ಆಗಿತ್ತಂತಲ್ಲವ್ವಾ’ ಅಂತ. ಅವಳ ಮೊಮ್ಮಗಳು ನಿಮ್ಮ ಸ್ಕೂಲೇ. ಈಗ ನನಗೆ ಸಿಟ್ಟು ಬಂದರೆ, ಇದು ಯಾವ ಪಾಠಕ್ಕೆ ಹೋಗುತ್ತೋ ಅಂತ ಮೊದಲು ಯೋಚನೆ ಮಾಡ್ತೀನಿ. ಅಷ್ಟರಲ್ಲಿ ಸಿಟ್ಟೇ ಇಳಿದುಹೋಗಿರುತ್ತೆ.”

ಇದನ್ನು ಹೆಡ್‌ಮಾಸ್ಟರಿಗೆ ತಿಳಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಹಾಗಾದರೆ ಹಿತನುಡಿಯಿಂದ ಮನೆಯಲ್ಲೇ ಸುಧಾರಣೆ ಶುರುವಾಗಿದೆ ಅನ್ನಿ” ಎಂದು ತೃಪ್ತಿಪಟ್ಟರು. ಮಾರನೆಯ ಬೆಳಿಗ್ಗೆ ಅದನ್ನೂ ಹೇಳಿದರು.

ಇನ್ನು ಮೈಕು ಇಳಿಸಬೇಕಾದವರ ವಿಷಯ. ಅವರು ನಮ್ಮ ಡ್ರಿಲ್ ಮೇಷ್ಟ್ರು ಮಾದೇಗೌಡರು. ಆರಡಿ ಎತ್ತರ, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಅವರೂ ಹೆಡ್‌ಮಾಸ್ಟರೂ ತಲಕಾಡಿನ ಕಡೆಯ ಒಂದೇ ಹಳ್ಳಿಯವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಇಬ್ಬರ ಮನೆಯೂ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಮಾದೇಗೌಡರ ಸ್ಕೂಟರಿನ ಹಿಂದೆ ಹೆಡ್‌ಮಾಸ್ಟರು ಟಿಫಿನ್ ಕ್ಯಾರಿಯರು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ “ಲೇ ಮಾದ”, “ಲೇ ಶಿವಾ”. ಶಾಲೆಯ ಗೇಟು ದಾಟುತ್ತಲೇ ಒಬ್ಬರು “ಗೌಡ್ರೇ”, ಇನ್ನೊಬ್ಬರು “ಸಾ”. ಪ್ರಾರ್ಥನೆಗೆ ಮೈಕು ಜೋಡಿಸುವುದು ಮಾದೇಗೌಡರ ಕೆಲಸ. ಮೊದಲು ತಮ್ಮ ಎತ್ತರಕ್ಕೆ ನಿಲ್ಲಿಸಿಕೊಂಡು “ಸಾವ್‌ಧಾನ್” ಕೂಗಿ, ಆಮೇಲೆ ತಿರುಪು ಸಡಿಲಿಸಿ, ಹೆಡ್‌ಮಾಸ್ಟರ ಬಾಯಿಗೆ ಸರಿಯಾಗಿ ಇಳಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಆ ತಿರುಪು ಬೇರೆ ಯಾರ ಕೈಗೂ ಬಗ್ಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಹಿತನುಡಿಯ ವಿಷಯ ‘ಧೈರ್ಯ’ ಆಯಿತು. ಪ್ರಾಣಸ್ನೇಹಿತನಲ್ಲಿ ಮುಚ್ಚುಮರೆ ಏಕೆಂದು ಹೆಡ್‌ಮಾಸ್ಟರು ಹೆಸರು ಹಿಡಿದೇ ಹೇಳಿದರು. ಹುಡುಗರಾಗಿದ್ದಾಗ ಓರಗೆಯವರೆಲ್ಲ ನಾಲೆ ಈಜಿ ಆಚೆ ದಡದ ಕಬ್ಬಿಗೆ ಹೋದರಂತೆ. ಮಾದೇಗೌಡರಿಗೆ ನೀರೆಂದರೆ ಹೆದರಿಕೆ. ಎಲ್ಲರ ಅಂಗಿ ಚಡ್ಡಿಗಳನ್ನು ಗುಡ್ಡೆ ಹಾಕಿಕೊಂಡು ದಡದಲ್ಲಿ ಕಾಯುತ್ತಾ ಕೂತರಂತೆ. ಇಂದಿಗೂ ಅವರಿಗೆ ಈಜು ಬಾರದಂತೆ. “ಆದ್ದರಿಂದ ಮಕ್ಕಳೇ, ಹೆದರುವವನಿಗೆ ಕಬ್ಬು ಸಿಕ್ಕುವುದಿಲ್ಲ, ಬೇರೆಯವರ ಬಟ್ಟೆ ಸಿಕ್ಕುತ್ತದೆ,” ಎಂದು ಮುಗಿಸಿದರು.

ಮಾದೇಗೌಡರು ಮೈಕಿನ ಪಕ್ಕದಲ್ಲೇ ಸೀಟಿ ಹಿಡಿದು ನಿಂತಿದ್ದರು. ಅವರು ಸೀಟಿ ಊದಿದರು. ಶಾಲೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಯಾರೂ ಕದಲಲಿಲ್ಲ, ಎಲ್ಲರೂ ನಗುತ್ತಿದ್ದರು.

ಹತ್ತು ನಿಮಿಷದೊಳಗೆ ಅವರು ಆಫೀಸ್ ರೂಮಿನಲ್ಲಿದ್ದರು. ನಾನೂ ಅಲ್ಲೇ ಇದ್ದೆ.

“ಸಾ, ಅದೇನ್ ಹೇಳಿದ್ರಿ ಇವತ್ತು?”

“ಯಾಕೆ ಗೌಡ್ರೇ? ನಡೆದದ್ದು ತಾನೇ?”

“ನಡೆದದ್ದೇ ಕಣ್ಲಾ ಶಿವಾ!” ಗೇಟಿನ ಒಳಗೆ ಆ ಹೆಸರು ಕೇಳಿದ್ದು ನಾನು ಅದೇ ಮೊದಲು. “ನಡೆದದ್ದನ್ನೆಲ್ಲ ಹಾರ್ನ್ ಕಟ್ಟಿ ಊರಿಗೆ ಹೇಳ್ತಾರೇನ್ಲಾ? ಆ ಮಕ್ಳ ಮುಂದೆ ನಿಂತು ಸೀಟಿ ಊದಿ ಅನ್ನ ತಿನ್ನೋ ಮನ್ಸ ನಾನು. ನಾಳೆ ನನ್ ಮಾತು ಯಾವನ್ ಕೇಳ್ತಾನೆ?”

“ಸತ್ಯಕ್ಕೆ ಬೇಜಾರು ಮಾಡ್ಕೋಬಾರದು ಗೌಡ್ರೇ. ಸ್ನೇಹ ಅಂದ್ರೆ…”

“ನಿನ್ ಸತ್ಯ ನೀನೇ ಮಡೀಕೊ. ನಾಳೆಯಿಂದ ಬಸ್ಸಲ್ಲಿ ಬಾ.”

ಅವರು ಹೇಳಿದಂತೆಯೇ ಆಯಿತು. ಡ್ರಿಲ್ ಪೀರಿಯಡ್ಡಿನಲ್ಲಿ ಹುಡುಗರು ಸಾಲು ಮುರಿದರು. ಒಂದು ದಿನ ಸ್ಕೂಟರಿನ ಸೀಟಿನ ಮೇಲೆ ಯಾರೋ ಒಂದು ಚಡ್ಡಿಯನ್ನು ಚೆನ್ನಾಗಿ ಮಡಿಸಿ ಇಟ್ಟಿದ್ದರು. ಗೋಡೆಯ ಆಚೆಯಿಂದ “ಒಸಿ ನೋಡ್ಕಳಿ ಸಾ!” ಎಂಬ ಕೂಗು ಬಂತು. ಆ ವರ್ಷ ತಾಲ್ಲೂಕು ಕ್ರೀಡಾಕೂಟಕ್ಕೆ ಮಾದೇಗೌಡರು ತಂಡ ಕಟ್ಟಲಿಲ್ಲ. ಆಟದ ಮೈದಾನದಲ್ಲಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಎತ್ತರದ ಮನುಷ್ಯ, ದಿನೇ ದಿನೇ ಕುಳ್ಳಾಗುತ್ತಿದ್ದರು.

ಪ್ರಾರ್ಥನೆಗೆ ಮೈಕು ಜೋಡಿಸುವುದನ್ನು ಅವರು ಬಿಡಲಿಲ್ಲ. ಕರ್ತವ್ಯ ಕರ್ತವ್ಯವೇ. ತಮ್ಮ ಎತ್ತರಕ್ಕೆ ನಿಲ್ಲಿಸಿ, “ಸಾವ್‌ಧಾನ್” ಕೂಗಿ, ತಿರುಪು ಮುಟ್ಟದೆ ಪಕ್ಕಕ್ಕೆ ಸರಿಯುತ್ತಿದ್ದರು. ಹೆಡ್‌ಮಾಸ್ಟರು ಕತ್ತೆತ್ತಿ ‘ಕ್ಷಮೆ’ಯ ಬಗ್ಗೆ ಮಾತಾಡಿದರು. ‘ಕ್ಷಮೆಯ ಮಹತ್ವ’, ‘ಕ್ಷಮೆ ಏಕೆ ಬೇಕು’, ‘ಕ್ಷಮಿಸಿದವರೇ ದೊಡ್ಡವರು’, ಹೀಗೆ ತಿಂಗಳುಗಟ್ಟಲೆ. ಕೇಳಬೇಕಾದವರು ಧ್ವಜದ ಕಂಬ ನೋಡುತ್ತಾ ನಿಂತಿರುತ್ತಿದ್ದರು. ತಾವೇ ಕ್ಷಮೆ ಕೇಳಬಹುದೆಂಬ ಯೋಚನೆ ಇಷ್ಟೊಂದು ಭಾಷಣಗಳ ನಡುವೆ ಹೆಡ್‌ಮಾಸ್ಟರಿಗೆ ಹೊಳೆಯಲಿಲ್ಲ.

ಅವರ ಕತ್ತಿನ ಅವಸ್ಥೆ ನೋಡಲಾರದೆ ಒಂದು ದಿನ ನಾನೇ ತಿರುಪಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು.

“ಬೇಡ ಮೇಷ್ಟ್ರೇ. ಅದು ಗೌಡ್ರ ಕೆಲಸ.”

ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೈಕು ಕೂಡ ಹಿಡಿಯಲಿಲ್ಲ.

ಬೀಳ್ಕೊಡುಗೆಯ ದಿನ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಎಂದೂ ಅವರ ಹಿತನುಡಿ ಕೇಳದ ಗಣ್ಯರು ಅದರ ಪ್ರಯೋಜನದ ಬಗ್ಗೆ ದೀರ್ಘವಾಗಿ ಮಾತಾಡಿದರು. ಮುಂದಿನ ಸಾಲಿನಲ್ಲಿ ಗಿರಿಜಮ್ಮನವರು, ಹಿಂದೆ ಆಂಪ್ಲಿಫೈಯರಿನ ಪಕ್ಕದಲ್ಲಿ ಮಾದೇಗೌಡರು. ಕೊನೆಗೆ ಹೆಡ್‌ಮಾಸ್ಟರು ಎದ್ದು ಬಂದು, ವಾಡಿಕೆಯಂತೆ ಗದ್ದ ಎತ್ತಿದರು.

“ಮಕ್ಕಳೇ, ಹೋದ ವರ್ಷ ನಾನೊಂದು ಉದಾಹರಣೆ ಹೇಳಿದ್ದೆ. ಅದರಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಆ ದಿನ ನಾಲೆಯ ದಡದಲ್ಲಿ ಬಟ್ಟೆ ಕಾಯುತ್ತಾ ಕೂತವರು ಇಬ್ಬರು. ಇನ್ನೊಬ್ಬ ನಾನು. ನನಗೂ ಈಜು ಬರುವುದಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ ನನಗೇ ಜಾಸ್ತಿ ಇತ್ತು. ಮಾದೇಗೌಡರು ಇದ್ದರು ಅಂತ ಅಲ್ಲಿ ಕೂತಿದ್ದೆ, ಇಲ್ಲದಿದ್ದರೆ ಮನೆಗೇ ಓಡಿಹೋಗುತ್ತಿದ್ದೆ.”

ಗಿರಿಜಮ್ಮನವರು ಏನೋ ಹೇಳಲು ಬಾಯಿ ತೆರೆದವರು ಸೆರಗಿನಿಂದ ಮುಚ್ಚಿಕೊಂಡರು. ಮಕ್ಕಳು ಹೋ ಎಂದು ನಕ್ಕರು. ಈ ಸಲದ ನಗು ಹೆಡ್‌ಮಾಸ್ಟರ ಪಾಲಿಗೆ ಬಂತು. ಅವರು ಅದನ್ನು ಶಾಲಿನಂತೆ ಹೊದ್ದುಕೊಂಡು ನಿಂತಿದ್ದರು.

ಆಗ ಮಾದೇಗೌಡರು ಹಿಂದಿನಿಂದ ಎದ್ದು ಬಂದರು. ಯಾರ ಮುಖವನ್ನೂ ನೋಡಲಿಲ್ಲ. ತಿರುಪು ಸಡಿಲಿಸಿ, ಮೈಕನ್ನು ಇಳಿಸಿ, ಹೆಡ್‌ಮಾಸ್ಟರ ಬಾಯಿಗೆ ಸರಿಯಾಗಿ ನಿಲ್ಲಿಸಿ, ಬಿಗಿ ಮಾಡಿದರು. ಹೆಡ್‌ಮಾಸ್ಟರ ಗದ್ದ ಕೆಳಗಿಳಿಯಿತು. ಇಷ್ಟು ಕಾಲದ ಮೇಲೆ ಮೈಕು ಕೈಗೆ ಸಿಕ್ಕಿದಾಗ ಅವರಿಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. “ಇಷ್ಟೇ ಮಕ್ಕಳೇ” ಎಂದು ಕೂತುಬಿಟ್ಟರು. ಸಂಜೆ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಹಾರ ಗಾಳಿಗೆ ಹಾರಿಸಿಕೊಂಡು, ಸ್ಕೂಟರಿನ ಹಿಂದೆ ನಂಜನಗೂಡಿನ ಕಡೆಗೆ ಹೋದರು.

ಅನಂತರ ಬಂದ ಹೆಡ್‌ಮಿಸ್ಟ್ರೆಸ್ಸು ಎತ್ತರದವರು. ಮಾದೇಗೌಡರೂ ಅಷ್ಟರಲ್ಲಿ ನಿವೃತ್ತರಾಗಿ, ತಿರುಪು ಯಾರ ಕೈಗೂ ಬಗ್ಗದೆ, ಆಯಮ್ಮ ಬಗ್ಗಿ ಬಗ್ಗಿಯೇ ಮಾತಾಡಬೇಕಾಯಿತು. “ವಿನಯ ಅಂದ್ರೆ ಇದು ಕಣ್ಲಾ” ಎಂದು ಬಸ್ಸಿಗೆ ಕಾಯುವವರು ಒಮ್ಮತದಿಂದ ತೀರ್ಮಾನಿಸಿದರು.

ಶಿವನಂಜಪ್ಪನವರನ್ನು ನಾನು ಕೊನೆಯದಾಗಿ ಕಂಡದ್ದು ನಂಜನಗೂಡಿನ ಸ್ನಾನಘಟ್ಟದಲ್ಲಿ. ಬೇಸಿಗೆ. ಮಾದೇಗೌಡರ ಮೊಮ್ಮಕ್ಕಳು ಕಪಿಲೆಯಲ್ಲಿ ಈಜು ಕಲಿಯುತ್ತಿದ್ದರು. ಮೆಟ್ಟಿಲ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ, ನಡುವೆ ಬಟ್ಟೆಯ ಗುಡ್ಡೆ. ಇವರ ನಂಬಿಕಸ್ಥ ಮುಖ ನೋಡಿ ಬೇರೆ ಊರಿನ ಭಕ್ತರೂ ತಮ್ಮ ಬಟ್ಟೆ ಒಪ್ಪಿಸಿ ಮುಳುಗಲು ಹೋಗುತ್ತಿದ್ದರು. ಮಿಂದು ಬಂದವರಿಗೆ ಅಂಗಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೆಡ್‌ಮಾಸ್ಟರು ಸಂಸಾರದ ಬಗ್ಗೆ ಒಂದೆರಡು ಮಾತು ಹೇಳುತ್ತಿದ್ದರು. “ಕೊಟ್ಟು ಕಳಿಸ್ಲಾ, ಚಳಿಗೆ ನಡುಗ್ತಾವ್ರೆ” ಎಂದು ಮಾದೇಗೌಡರು ಕಿತ್ತು ಕೊಡುತ್ತಿದ್ದರು. ನಾನೂ ನನ್ನ ಅಂಗಿ ಒಪ್ಪಿಸಿ, ಮಿಂದು ಬಂದು, ‘ವೃದ್ಧಾಪ್ಯದಲ್ಲಿ ಸ್ನೇಹ’ ಕೇಳಿಸಿಕೊಂಡು, ಅಂಗಿ ಬಿಡಿಸಿಕೊಂಡು ಹೋದೆ.

ಮಳೆಗಾಲ ಹಿಡಿಯುವ ಮುಂಚೆ, ಯಾರಿಗೂ ಹೆಚ್ಚು ತೊಂದರೆ ಕೊಡದೆ, ಹೆಡ್‌ಮಾಸ್ಟರು ಹೋಗಿಬಿಟ್ಟರು.

ಈ ವರ್ಷ ಮತ್ತೆ ಸ್ನಾನಘಟ್ಟಕ್ಕೆ ಹೋದಾಗ ಮಾದೇಗೌಡರೊಬ್ಬರೇ ಕೂತಿದ್ದರು. ನಾನು ಅಂಗಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ತೆಗೆದುಕೊಂಡು ನೀರಿನ ಕಡೆಗೇ ನೋಡುತ್ತಾ ಹೇಳಿದರು:

“ಅವ್ನಿಗೆ ಈಜು ಬತ್ತಿತ್ತು ಕಣ್ರೀ ಮೇಷ್ಟ್ರೇ.”

ನಾನು ನಿಂತುಬಿಟ್ಟೆ.

“ಮೀನಿದ್ದಂಗಿದ್ದ. ಆವತ್ತು ನಾಲೆಗೆ ಮೊದ್ಲು ಬಿದ್ದೋನೇ ಅವ್ನು. ಅವ್ನ ಚಡ್ಡೀನೂ ನಾನೇ ಕಾದಿದ್ದು.”

“ಮತ್ತೆ ಇಲ್ಲಿ ಒಂದು ದಿನವೂ ನೀರಿಗಿಳಿಯಲಿಲ್ಲವಲ್ಲ ಗೌಡ್ರೇ?”

“ಎಂಗಿಳಿದಾನು? ಮೈಕಲ್ಲಿ ಹೇಳ್ಬುಟ್ಟಿದ್ನಲ್ಲ. ಸೆಕೇಲಿ ಬೆವರು ಸುರೀತಿದ್ರೂ ನೀರು ನೋಡ್ಕಂಡು ಕೂತಿರೋನು. ‘ಓಗ್ಲಾ, ಒಂದು ಸುತ್ತು ಒಡ್ಕಂಡು ಬಾ, ಯಾರೂ ನೋಡಲ್ಲ’ ಅಂದ್ರೆ, ‘ಸುಮ್ನಿರ್ಲಾ ಮಾದ, ನಂಗೆ ಈಜು ಬರಲ್ಲ’ ಅನ್ನೋನು.” ಮಾದೇಗೌಡರು ನನ್ನ ಅಂಗಿಯನ್ನು ಎರಡು ಸಲ ಮಡಿಸಿದರು. “ನಂಗೇ ಹೇಳೋನು ಕಣ್ರೀ!”

ನಾನು ಅವರ ಕೈಯಿಂದ ಅಂಗಿ ಇಸಿದುಕೊಂಡು, ಮತ್ತೆ ತೊಟ್ಟು, ಪಕ್ಕದಲ್ಲಿ ಕೂತೆ. ಕಾಯಬೇಕಾದ ಬಟ್ಟೆಗಳು ಅಂದು ಬಹಳ ಇದ್ದವು.